ಬೆಂಗಳೂರಿನ ಚಳಿಗೆ ಕೋಳಿಗೂಡು: ಕೆಳಗೆ ಮುಚ್ಚಿ, ಮೇಲೆ ತೆರೆದಿಡಿ

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದು ಅವರೆಕಾಯಿಗೆ ಸೊಗಡು ಏರುವ ಹೊತ್ತಿಗೆ ಬೆಂಗಳೂರಿನ ಕೋಳಿ ಸಾಕಣೆದಾರರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಒಂದು, ಗೂಡಿನ ನಾಲ್ಕೂ ಕಡೆಗೆ ಟಾರ್ಪಾಲು ಬಿಗಿದು ಗಾಳಿಯೇ ಆಡದಂತೆ ಮಾಡುವುದು. ಇನ್ನೊಂದು, ಅಮೆರಿಕದವರ ವಿಡಿಯೊ ನೋಡಿ ‘ಚಳಿ ತಡೆಯುವ ತಳಿ’ ಅಂತ ಬ್ರಹ್ಮ, ಕೊಚಿನ್ ಮರಿಗಳನ್ನು ದುಬಾರಿ ಬೆಲೆಗೆ ತರುವುದು. ಎರಡೂ ಬೇಡದ ಕೆಲಸ. ಮೊದಲನೆಯದರ ನಷ್ಟ ಜನವರಿಯಲ್ಲೇ ಗೊತ್ತಾಗುತ್ತದೆ, ಎರಡನೆಯದರದ್ದು ಏಪ್ರಿಲ್‌ನಲ್ಲಿ.

ಮೊದಲು ನಮ್ಮ ಚಳಿ ಎಷ್ಟು ಅಂತ ಲೆಕ್ಕ ಹಾಕೋಣ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿ ಸಾಮಾನ್ಯವಾಗಿ 15–16 ಡಿಗ್ರಿಗೆ ಇಳಿಯುತ್ತದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೆಸರಘಟ್ಟದ ಬಯಲಿನಲ್ಲಿ ಇನ್ನೂ ಒಂದೆರಡು ಡಿಗ್ರಿ ಕಡಿಮೆ. ನಗರದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ಇಲ್ಲಿ ನೀರು ಹೆಪ್ಪುಗಟ್ಟಿದ ದಾಖಲೆಯೇ ಇಲ್ಲ.

ಇನ್ನು ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ. ಪುಕ್ಕ ತುಂಬಿದ ದೊಡ್ಡ ಕೋಳಿಗೆ 18ರಿಂದ 24 ಡಿಗ್ರಿ ಹಿತ. ಹತ್ತು ಡಿಗ್ರಿಗೆ ಇಳಿದರೆ ಒಂದು ಹಿಡಿ ಜಾಸ್ತಿ ತಿನ್ನುತ್ತದೆ, ಮೈ ಉಬ್ಬಿಸಿಕೊಂಡು ಕೂರುತ್ತದೆ, ಅಷ್ಟೇ. ಪುಕ್ಕಗಳ ನಡುವೆ ಸಿಕ್ಕಿಕೊಂಡ ಗಾಳಿಯ ಪದರವೇ ಅದರ ಕಂಬಳಿ. ಕಾಲಿಗೆ ಪುಕ್ಕವಿಲ್ಲದಿದ್ದರೂ ಅಲ್ಲಿ ಬೇರೆ ವ್ಯವಸ್ಥೆಯಿದೆ. ಕೆಳಗಿಳಿಯುವ ಬಿಸಿ ರಕ್ತದ ನಾಳವೂ ಮೇಲೇರುವ ತಣ್ಣನೆ ರಕ್ತದ ನಾಳವೂ ಒತ್ತಿಕೊಂಡೇ ಇರುತ್ತವೆ. ಬಿಸಿಯೆಲ್ಲ ಅಲ್ಲೇ ಕೈ ಬದಲಾಯಿಸಿ ದೇಹಕ್ಕೆ ವಾಪಸಾಗುವುದರಿಂದ ಪಾದದವರೆಗೆ ಹೋಗಿ ಪೋಲಾಗುವುದು ಕಡಿಮೆ.

ಆದರೆ ಈ ಕಂಬಳಿ ಎರಡು ವಿಷಯಕ್ಕೆ ಸೋಲುತ್ತದೆ. ಒದ್ದೆಯಾದರೆ ಪುಕ್ಕದ ನಡುವಿನ ಗಾಳಿ ಹೋಗಿ ನೀರು ಬಂದು ಕೂರುತ್ತದೆ. ಪಕ್ಕದಿಂದ ಕೊರೆಯುವ ಗಾಳಿ ಬಿದ್ದರೆ ಪುಕ್ಕ ಎದ್ದು ಬಿಸಿಗಾಳಿ ಹಾರಿಹೋಗುತ್ತದೆ. ಹಾಗಾಗಿ ಬೆಂಗಳೂರಿನ ಮಾಗಿಯಲ್ಲಿ ನಾವು ಕಟ್ಟಿಹಾಕಬೇಕಿರುವುದು ಥರ್ಮಾಮೀಟರಿನ ಅಂಕಿಯನ್ನಲ್ಲ, ತೇವವನ್ನು ಮತ್ತು ಕೊರೆಗಾಳಿಯನ್ನು. ಅಂಕಿಯನ್ನೇ ನೋಡಬೇಕಾದದ್ದು ಆರು ವಾರದೊಳಗಿನ ಮರಿಗಳಿಗೆ ಮಾತ್ರ. ಅದನ್ನು ಮುಂದೆ ನೋಡೋಣ.

ಯಾವ ತಳಿ

ಚಳಿ ನಾಡಿನವರು ತಳಿ ಆರಿಸುವಾಗ ಮೂರು ಲಕ್ಷಣ ನೋಡುತ್ತಾರೆ: ಮೈ ತೂಕ, ಪುಕ್ಕದ ದಟ್ಟಣೆ, ಜುಟ್ಟಿನ ಆಕಾರ. ಮೈ ದೊಡ್ಡದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಕಡಿಮೆ, ಬಿಸಿ ನಷ್ಟವೂ ಕಡಿಮೆ. ಜುಟ್ಟು ಕೋಳಿಯ ರೇಡಿಯೇಟರ್ ಇದ್ದಂತೆ. ಲೆಗ್‌ಹಾರ್ನ್‌ನ ಎತ್ತರದ ಗರಗಸದಂಥ ಒಂಟಿ ಜುಟ್ಟು ಸೆಖೆಯಲ್ಲಿ ಮೈ ತಣಿಸುತ್ತದೆ, ಹಿಮದಲ್ಲಿ ಮೊದಲು ಸೆಟೆದು ಕಪ್ಪಾಗುವುದೂ ಅದೇ. ತಲೆಗೆ ಅಂಟಿಕೊಂಡಂತಿರುವ ಬಟಾಣಿ ಜುಟ್ಟು ಅಥವಾ ಗುಲಾಬಿ ಜುಟ್ಟಿಗೆ ಆ ಅಪಾಯ ಕಡಿಮೆ. ಅದಕ್ಕೇ ಅಲ್ಲಿ ಗುಲಾಬಿ ಜುಟ್ಟಿನ ವೈಯನ್‌ಡಾಟ್, ಬಟಾಣಿ ಜುಟ್ಟಿನ ಬ್ರಹ್ಮ, ಅಮೆರಿಕದ ಒಹಾಯೊದಲ್ಲಿ ಹುಟ್ಟಿದ ಬಕೈ ತಳಿಗಳಿಗೆ ಬೆಲೆ. ಕೆನಡಾದ ಕ್ವಿಬೆಕ್‌ನಲ್ಲಿ ಓಕಾ ಮಠದ ಸನ್ಯಾಸಿಯೊಬ್ಬರು 20ನೇ ಶತಮಾನದ ಆರಂಭದಲ್ಲಿ ಶಾಂಟೆಕ್ಲೇರ್ ಎಂಬ ತಳಿಯನ್ನೇ ಇದಕ್ಕಾಗಿ ಕಟ್ಟಿದರು. ಜುಟ್ಟು, ಗದ್ದದ ತೊಗಲು ಎರಡೂ ಇದೆಯೋ ಇಲ್ಲವೋ ಅನ್ನುವಷ್ಟು ಚಿಕ್ಕದು.

ಜುಟ್ಟು ಒಂದನ್ನೇ ನೋಡಿ ತೀರ್ಮಾನಿಸಬಾರದು. ನಮ್ಮ ಅಸೀಲ್‌ಗೂ ಬಟಾಣಿ ಜುಟ್ಟೇ ಇದೆ. ಆದರೆ ಅದರ ಪುಕ್ಕ ತೆಳು, ಮೈಗೆ ಬಿಗಿದುಕೊಂಡಂತೆ ಇರುತ್ತದೆ. ಅದು ಬಿಸಿಲು ನಾಡಿನ ಕೋಳಿ.

ಬೆಂಗಳೂರಿಗೆ ಬರೋಣ. ಬ್ರಹ್ಮ ಹ್ಯಾಟೆ ನಾಲ್ಕು ಕಿಲೊ ದಾಟುತ್ತದೆ, ಹುಂಜ ಐದು ದಾಟುತ್ತದೆ. ಬೆರಳವರೆಗೂ ಪುಕ್ಕ. ನೋಡಲು ಏನೋ ಗತ್ತು! ಆದರೆ ಇದೇ ಊರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಬಿಸಿಲು ದಾಖಲಾಗಿದೆ. 30 ಡಿಗ್ರಿ ದಾಟುತ್ತಿದ್ದಂತೆ ಕೋಳಿ ಬಾಯಿ ತೆರೆದು ಏದುಸಿರು ಬಿಡಲು ಶುರುಮಾಡುತ್ತದೆ, 35ರ ಮೇಲೆ ದಪ್ಪ ಪುಕ್ಕದ ಭಾರಿ ಕೋಳಿಗೆ ಪ್ರಾಣಸಂಕಟ. ಎರಡು ತಿಂಗಳ ಹಗುರ ಚಳಿಗೆ ಹೆದರಿ ಮೂರು ತಿಂಗಳ ಬಿಸಿಲಿಗೆ ಒಗ್ಗದ ಕೋಳಿ ತರುವುದು ಲೆಕ್ಕಕ್ಕೆ ಬರದ ವ್ಯಾಪಾರ. ಅಕ್ಟೋಬರ್, ನವೆಂಬರಿನ ಹಿಂಗಾರು ಮಳೆಯ ಕೆಸರು ಕಾಲಿನ ಪುಕ್ಕಕ್ಕೆ ಮೆತ್ತಿ ಗಟ್ಟಿಯಾದರೆ ಕಾಲುನುಸಿಯ ಕಾಟ ಬೇರೆ. ಸಾಕಲೇಬೇಕೆಂದರೆ ಮರದ ನೆರಳು, ಮಂಜು ಸಿಂಪಡಿಸುವ ನಳಿಕೆ, ಒಣ ನೆಲ ಇರುವವರು ಸಾಕಲಿ.

ಇಲ್ಲಿಗೆ ಹೊಂದುವುದು ಎರಡೂ ಕಾಲವನ್ನು ನಿಭಾಯಿಸುವ ಮಧ್ಯಮ ಮೈಯ ಕೋಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ, ಅದರ ನಂತರ ಬಂದ ಸ್ವರ್ಣಧಾರ, ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಕಾವೇರಿ, ಹೈದರಾಬಾದಿನ ಗ್ರಾಮಪ್ರಿಯ, ಇವೆಲ್ಲ ಹಿತ್ತಿಲಿಗೆಂದೇ ಕಟ್ಟಿದ ತಳಿಗಳು. ಗಿರಿರಾಜ ವರ್ಷಕ್ಕೆ 130–150 ಮೊಟ್ಟೆ ಕೊಡುತ್ತದೆ, ಸ್ವರ್ಣಧಾರ ಸ್ವಲ್ಪ ಹೆಚ್ಚು. ಮೊಟ್ಟೆಯೇ ಮುಖ್ಯ ಎನ್ನುವವರಿಗೆ ರೋಡ್ ಐಲೆಂಡ್ ರೆಡ್ ಅಥವಾ ಆಸ್ಟ್ರಲಾರ್ಪ್ ಆದೀತು, ಎರಡೂ ಚಳಿಗೆ ಜಗ್ಗುವುದಿಲ್ಲ. ನಾಟಿ ಕೋಳಿಯ ವಿಷಯ ಹೇಳಬೇಕಾಗಿಯೇ ಇಲ್ಲ. ಮರದ ಕೊಂಬೆಯ ಮೇಲೆ ಮಲಗಿ ಬೆಳಿಗ್ಗೆ ಇಬ್ಬನಿ ಕೊಡವಿಕೊಂಡು ಇಳಿಯುತ್ತದೆ.

ನಿಜವಾಗಿ ಎಚ್ಚರ ಬೇಕಿರುವುದು ಮುದ್ದಿಗೆ ಸಾಕುವ ಬಗೆಗಳಲ್ಲಿ. ಸಿಲ್ಕಿ ಕೋಳಿಯ ಗರಿಯ ಎಳೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುವುದಿಲ್ಲ, ಹತ್ತಿಯಂತೆ ಬಿಡಿಬಿಡಿ. ನೀರು ಜಾರುವುದಿಲ್ಲ, ಹೀರಿಕೊಳ್ಳುತ್ತದೆ. ಒಂದು ಮಳೆಯಲ್ಲಿ ನೆಂದು ರಾತ್ರಿ ಗಾಳಿಗೆ ಕೂತರೆ ಬೆಳಿಗ್ಗೆ ಸೆಟೆದಿರುತ್ತದೆ. ಪುಕ್ಕ ಹಿಂದಕ್ಕೆ ಸುರುಳಿಯಾದ ಫ್ರಿಜಲ್, ಕತ್ತು ಬೋಳಾದ ಕೋಳಿ, ಕಾಲು ಕೆಜಿ ತೂಗುವ ಪುಟ್ಟ ಬ್ಯಾಂಟಮ್ ಮರಿಗಳಿಗೂ ಇದೇ ಮಾತು. ಇವುಗಳಿಗೆ ರಾತ್ರಿ ನಾಲ್ಕೂ ಬದಿ ಮುಚ್ಚಿದ, ಮೇಲೆ ಗಾಳಿಕಿಂಡಿಯಿರುವ ಮಲಗುಪೆಟ್ಟಿಗೆ ಬೇಕು.

ಹಿಮದ ಊರಲ್ಲಿ ಸಾಕುವವರಿಗೆ

ಮಗ ಟೊರಾಂಟೊದಲ್ಲೋ ಮಿನಿಯಾಪೊಲಿಸ್‌ನಲ್ಲೋ ಇದ್ದು, ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಿರುವ ಮನೆಗಳು ನಮ್ಮಲ್ಲಿ ಈಗ ಬೇಕಾದಷ್ಟಿವೆ. ಅಲ್ಲಿ ಚಳಿ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಕ್ಕೆ ಹೋಗುವುದುಂಟು. ಅಲ್ಲೂ ಮೂಲ ಸೂತ್ರ ಇದೇ, ತಪ್ಪಿಗೆ ತೆರುವ ದಂಡ ಮಾತ್ರ ದೊಡ್ಡದು.

ಅಲ್ಲಿ ಕೋಳಿ ಕೂರುವುದಕ್ಕೆ ದುಂಡನೆ ಗಳ ಬೇಡ. ನಾಲ್ಕಿಂಚು ಅಗಲದ ಪಟ್ಟಿಯನ್ನು ಚಪ್ಪಟೆ ಬದಿ ಮೇಲೆ ಬರುವಂತೆ ಹಾಕಬೇಕು. ಆಗ ಕೋಳಿ ಬೆರಳು ಮಡಚದೆ ಪಾದವನ್ನು ಚಪ್ಪಟೆಯಾಗಿ ಊರಿ, ಅದರ ಮೇಲೆ ಎದೆಯ ಪುಕ್ಕ ಹೊದಿಸಿ ಕೂರುತ್ತದೆ. ಬೆರಳು ಹೊರಗುಳಿಯುವುದಿಲ್ಲ. ಗೂಡಿನ ನೆಲಕ್ಕೆ ಹರಡುವ ಹಾಸು ಆರರಿಂದ ಎಂಟು ಇಂಚು ದಪ್ಪ ಇರಲಿ. ಗಾಳಿಕಿಂಡಿ ಸೂರಿನ ಮಟ್ಟದಲ್ಲಿ, ಕೂತ ಕೋಳಿಯ ತಲೆಗಿಂತ ಮೇಲೆ ಇರಬೇಕು, ಎಂಥ ಹಿಮ ಬಿದ್ದರೂ ಪೂರ್ತಿ ಮುಚ್ಚಬಾರದು. ಜುಟ್ಟು ಸೆಟೆದು ಕಪ್ಪಾಗುವುದಕ್ಕೆ ಹೊರಗಿನ ಚಳಿಯಷ್ಟೇ ಒಳಗಿನ ಹಸಿ ಗಾಳಿಯೂ ಕಾರಣ. ಕಿಟಕಿ ಗಾಜಿನ ಒಳಮೈ ಬೆಳಿಗ್ಗೆ ಬೆವರಿದ್ದರೆ ಕಿಂಡಿ ಸಾಲದು ಅಂತಲೇ ಅರ್ಥ. ಜುಟ್ಟಿಗೆ ವ್ಯಾಸಲೀನ್ ಹಚ್ಚುವ ರೂಢಿಯಿದೆ. ಗೂಡಿನ ತೇವ ಇಳಿಸದೆ ಅದನ್ನು ನಂಬಿ ಕೂರಬೇಡಿ.

ಹೀಟ್ ಲ್ಯಾಂಪ್ ಬೇಡ ಅಂತ ಅನುಭವಿಗಳು ಹೇಳುವುದಕ್ಕೆ ಎರಡು ಕಾರಣ. ಒಣ ಹಾಸು, ಧೂಳು, ಪುಕ್ಕದ ನಡುವೆ 250 ವ್ಯಾಟ್ ಬಲ್ಬು ಕಳಚಿ ಬಿದ್ದರೆ ಗೂಡೇ ಹೊತ್ತಿ ಉರಿಯುತ್ತದೆ. ಎರಡನೆಯದು, ಬಿಸಿಗೆ ಒಗ್ಗಿದ ಕೋಳಿ ಸಾಕಷ್ಟು ಒಳಪುಕ್ಕ ಬೆಳೆಸಿಕೊಂಡಿರುವುದಿಲ್ಲ. ಹಿಮಗಾಳಿಯ ರಾತ್ರಿ ಕರೆಂಟ್ ಹೋದರೆ ಒಂದೇ ಸಲ ಎಲ್ಲವೂ ಕುಸಿಯುತ್ತವೆ. ಅಲ್ಲಿ ಕರೆಂಟ್ ಬೇಕಾಗುವುದು ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಬಿಸಿ ತಟ್ಟೆಗೆ. ಮೊಟ್ಟೆಯನ್ನು ದಿನಕ್ಕೆ ಎರಡು ಮೂರು ಸಲ ಎತ್ತಬೇಕು, ಇಲ್ಲದಿದ್ದರೆ ಒಳಗಿನ ದ್ರವ ಹೆಪ್ಪುಗಟ್ಟಿ ಹಿಗ್ಗಿ ಚಿಪ್ಪು ಸೀಳುತ್ತದೆ.

ಹತ್ತು ಕೋಳಿಯ ಗೂಡು

ಇನ್ನು ನಮ್ಮ ಗೂಡು. ಹತ್ತು ಹ್ಯಾಟೆಗಳಿಗೆ 8 ಅಡಿ ಉದ್ದ, 5 ಅಡಿ ಅಗಲದ ಗೂಡು ಸಾಕು, ತಲಾ ನಾಲ್ಕು ಚದರಡಿ. ಉದ್ದ ಪೂರ್ವ–ಪಶ್ಚಿಮವಾಗಿರಲಿ. ಬೇಸಿಗೆಯ ಬೆಳಗಿನ, ಸಂಜೆಯ ಬಿಸಿಲು ಕಿರಿದಾದ ಬದಿಗೆ ಮಾತ್ರ ಬೀಳುತ್ತದೆ, ಚಳಿಗಾಲದಲ್ಲಿ ಬೀಸುವ ಮೂಡಣ ಗಾಳಿಗೂ ಕಿರಿದಾದ ಬದಿಯೇ ಸಿಗುತ್ತದೆ. ಬುಡದಿಂದ ಒಂದೂವರೆ ಅಡಿ ಇಟ್ಟಿಗೆ ಅಥವಾ ಸಿಮೆಂಟ್ ಶೀಟಿನ ಗೋಡೆ, ಅದರ ಮೇಲೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್. ಆರು ಮೂಲೆ ಕಣ್ಣಿನ ಅಗ್ಗದ ಕೋಳಿ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಬೀದಿನಾಯಿಯನ್ನು ಹೊರಗಿಡುವುದಿಲ್ಲ. ಮುಂಗುಸಿ, ಹೆಗ್ಗಣ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ.

ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ಕೂರುವ ಗಳಗಳನ್ನು ಹಾಕಿ. ಒಂದು ಕೋಳಿಗೆ ಹತ್ತು ಇಂಚು ಜಾಗ ಬೇಕು. 8 ಅಡಿಯ ಒಂದು ಗಳದಲ್ಲಿ ಹೆಚ್ಚುಕಡಿಮೆ ಹತ್ತು ಕೋಳಿ ಹಿಡಿಯುತ್ತವೆ ಅಂತ ಲೆಕ್ಕ ಹೇಳುತ್ತದೆ, ಆದರೆ ಜೋರಿನ ಹ್ಯಾಟೆ ಬಡಪಾಯಿಯನ್ನು ತಳ್ಳಿ ನೆಲಕ್ಕೆ ಕೆಡವುತ್ತದೆ. ನೆಲದ ಹಿಕ್ಕೆಯ ಮೇಲೆ ಮಲಗಿದ ಕೋಳಿಯ ಎದೆ ಪುಕ್ಕ ಒದ್ದೆಯಾಗುತ್ತದೆ, ಮೊದಲು ನೆಗಡಿ ಹಿಡಿಯುವುದೂ ಅದಕ್ಕೇ. ಎರಡು ಗಳ ಹಾಕಿ, ನಡುವೆ ಒಂದೂಕಾಲು ಅಡಿ ಬಿಡಿ. ಎರಡೂ ಒಂದೇ ಎತ್ತರದಲ್ಲಿರಲಿ. ಹೆಚ್ಚುಕಡಿಮೆಯಾದರೆ ಎಲ್ಲಕ್ಕೂ ಮೇಲಿನದೇ ಬೇಕು.

ಗೋಣಿಯ ಪರದೆಯಲ್ಲೇ ಹೆಚ್ಚಿನವರು ತಪ್ಪುವುದು. ಪರದೆಯನ್ನು ಮೇಲಿನಿಂದ ಕೆಳಕ್ಕೆ, ಕಿಟಕಿ ಪರದೆಯ ಹಾಗೆ ಇಳಿಬಿಡುತ್ತಾರೆ. ಆಗ ಮುಚ್ಚಿಕೊಳ್ಳುವುದು ಹಬೆ ಹೊರಹೋಗಬೇಕಾದ ಮೇಲ್ಭಾಗ, ಬುಡದಲ್ಲಿ ಉಳಿಯುವ ಸಂದಿಯಿಂದ ಗಾಳಿ ಸೀದಾ ಕೋಳಿಯ ಮೈಗೆ. ಇದು ತಲೆಕೆಳಗಾಗಬೇಕು. ಗೋಣಿಚೀಲಗಳನ್ನು ಬಿಚ್ಚಿ ಹೊಲಿದು, ಕೆಳ ಅಂಚನ್ನು ಮೆಶ್ಶಿನ ಬುಡದಲ್ಲಿ ಮರದ ರೀಪರ್ ಇಟ್ಟು ಮೊಳೆ ಹೊಡೆಯಿರಿ. ಮೇಲಂಚಿಗೆ ಅರ್ಧ ಇಂಚಿನ ಪಿವಿಸಿ ಪೈಪು ತೂರಿಸಿ, ಎರಡು ತುದಿಗೆ ಹಗ್ಗ ಕಟ್ಟಿ, ಸೂರಿನ ಕೊಕ್ಕೆಯಲ್ಲಿ ಹಾಯಿಸಿ. ಹಗ್ಗ ಎಳೆದರೆ ಪರದೆ ಕೆಳಗಿನಿಂದ ಮೇಲಕ್ಕೆ ಏರಬೇಕು. ಎಷ್ಟೇ ಚಳಿಯಿರಲಿ ಮೇಲಿನ ಒಂದು ಅಡಿ ಮುಟ್ಟಬೇಡಿ. ಸಂಜೆ ಏಳಕ್ಕೆ ಏರಿಸಿ, ಬಿಸಿಲು ಬಿದ್ದ ಮೇಲೆ ಎಂಟಕ್ಕೆ ಇಳಿಸಿ. ಪೂರ್ವಕ್ಕೆ ಮತ್ತು ಉತ್ತರಕ್ಕೆ ಪರದೆ ಸಾಕು, ದಕ್ಷಿಣ, ಪಶ್ಚಿಮ ಹಾಗೇ ಇರಲಿ. ಟಾರ್ಪಾಲಿಗಿಂತ ಗೋಣಿ ಮೇಲು, ಉಸಿರಾಡುತ್ತದೆ. ಆದರೆ ನೆಂದ ಗೋಣಿ ಒದ್ದೆ ಬಟ್ಟೆಯಂತೆ ತಣ್ಣಗೆ ಕೊರೆಯುತ್ತದೆ. ಆದ್ದರಿಂದ ಸೂರು ಎರಡೂವರೆ ಅಡಿಯಾದರೂ ಹೊರಚಾಚಿರಲಿ.

ಇದು ಬಯಲಿನ ಲೆಕ್ಕ. ನಗರದೊಳಗೆ ಎರಡು ಮೂರಂತಸ್ತಿನ ಕಟ್ಟಡಗಳ ಸಂದಿಯಲ್ಲಿ, ತಾರಸಿಯ ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಗಾಳಿ ಎಲ್ಲಿಂದ ನುಗ್ಗುತ್ತದೆ ಅಂತ ನಕ್ಷೆ ನೋಡಿ ಹೇಳಲಾಗುವುದಿಲ್ಲ. ಒಂದು ಊದುಬತ್ತಿ ಸಾಕು. ರಾತ್ರಿ ಹತ್ತರ ಹೊತ್ತಿಗೆ, ಕೋಳಿ ಗಳ ಹತ್ತಿ ಕೂತ ಮೇಲೆ, ಹಚ್ಚಿದ ಊದುಬತ್ತಿಯನ್ನು ಅವುಗಳ ಎದೆಯ ಮಟ್ಟದಲ್ಲಿ ಹಿಡಿದು ಉಸಿರು ಬಿಗಿಹಿಡಿಯಿರಿ. ಹೊಗೆ ನೆಟ್ಟಗೆ ಏರಿ ಸೂರಿನ ಕೆಳಗೆ ನಿಧಾನ ಹೊರಳಿ ಮೇಲಿನ ಸಂದಿಯಿಂದ ಹೊರಹೋದರೆ ಗೂಡು ಸರಿಯಿದೆ. ಎದೆ ಮಟ್ಟದಲ್ಲೇ ಅಡ್ಡಕ್ಕೆ ಎಳೆದುಕೊಂಡು ಹೋದರೆ ಎದುರಿನ ಬದಿಯಲ್ಲೆಲ್ಲೋ ತೂತಿದೆ, ಹೊಗೆ ಬಂದ ದಿಕ್ಕಿಗೆ ಹಿಂದೆ ಹಿಂದೆ ಹೋಗಿ ಹುಡುಕಿ. ಹೊಗೆ ಕದಲದೆ ಅಲ್ಲೇ ಮಡುಗಟ್ಟಿದರೆ ನೀವು ಗೂಡನ್ನು ಜಾಸ್ತಿ ಮುಚ್ಚಿದ್ದೀರಿ. ಗೂಡಿನ ನಾಲ್ಕು ಕಡೆ ಹೀಗೆ ನೋಡಲು ಐದು ನಿಮಿಷ ಸಾಕು. ಹಾಸಿನ ಮೇಲೆ ಕಿಡಿ ಬೀಳದಂತೆ ಕೆಳಗೊಂದು ತಟ್ಟೆ ಹಿಡಿದಿರಿ.

ಎರಡು ಲೀಟರ್ ನೀರು ಹೋಗುವುದೆಲ್ಲಿಗೆ

ಗಾಳಿ ಆಡಬೇಕು ಅನ್ನುವುದು ಯಾಕೆ ಅಂತ ಒಂದು ಸಣ್ಣ ಲೆಕ್ಕದಲ್ಲೇ ಗೊತ್ತಾಗುತ್ತದೆ. ಒಂದು ಹ್ಯಾಟೆ ದಿನಕ್ಕೆ 200ರಿಂದ 250 ಮಿಲಿಲೀಟರ್ ನೀರು ಕುಡಿಯುತ್ತದೆ. ಹತ್ತಕ್ಕೆ ಎರಡು ಲೀಟರಿನ ಮೇಲಾಯಿತು. ಮೊಟ್ಟೆಗೆ ಹೋದದ್ದು ಬಿಟ್ಟರೆ ಉಳಿದದ್ದೆಲ್ಲ ಉಸಿರಲ್ಲೋ ಹಿಕ್ಕೆಯಲ್ಲೋ ಹೊರಬರುತ್ತದೆ. ಹಸಿ ಹಿಕ್ಕೆಯ ಮುಕ್ಕಾಲು ಭಾಗ ನೀರೇ. ಕೋಳಿಗೆ ಮೂತ್ರ ಬೇರೆ ಇಲ್ಲ ನೋಡಿ. ಈ ನೀರು ಗಾಳಿಗೆ ಸೇರಿ ಹೊರಹೋಗದಿದ್ದರೆ ಹಾಸಿನೊಳಗೆ ಇಳಿಯುತ್ತದೆ. ಒದ್ದೆ ಹಾಸಿನಲ್ಲಿ ಬ್ಯಾಕ್ಟೀರಿಯಾಗಳು ಹಿಕ್ಕೆಯ ಯೂರಿಕ್ ಆಮ್ಲವನ್ನು ಒಡೆದು ಅಮೋನಿಯ ಬಿಡುತ್ತವೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಮೋನಿಯ 25 ಪಾಲು ದಾಟಿದರೆ ಶ್ವಾಸನಾಳದೊಳಗೆ ಧೂಳು ಗುಡಿಸುವ ನವಿರು ಕೂದಲುಗಳು ಕೆಲಸ ನಿಲ್ಲಿಸುತ್ತವೆ. ಆಮೇಲೆ ಯಾವ ರೋಗಾಣು ಬಂದರೂ ಬಾಗಿಲು ತೆರೆದಂತೆಯೇ. ‘ಚಳಿಗೆ ನೆಗಡಿ ಬಂತು’ ಅಂತ ನಾವು ಅನ್ನುವುದರಲ್ಲಿ ಬಹುಪಾಲು ಹೀಗೆ ಶುರುವಾದದ್ದು.

ವಾಸನೆ ನೋಡುವುದಕ್ಕೂ ಕ್ರಮವಿದೆ. ನಿಂತು ಮೂಸಿದರೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಪರದೆ ಇಳಿಸುವ ಮುನ್ನ ಗೂಡಿನೊಳಗೆ ಕುಕ್ಕರಗಾಲಲ್ಲಿ ಕೂತು, ಮೂಗು ಕೋಳಿಯ ಮಟ್ಟಕ್ಕೆ ಬಂದಾಗ ಕಣ್ಣು ಚುರುಗುಟ್ಟುತ್ತದೆಯೇ ನೋಡಿ. ಚುರುಗುಟ್ಟಿದರೆ ಕೋಳಿಗಳು ರಾತ್ರಿಯಿಡೀ ಅದರಲ್ಲೇ ಇದ್ದವು.

ತಗಡಿನ ಚಾವಣಿಯದ್ದು ಇನ್ನೊಂದು ರಗಳೆ. ಮೋಡವಿಲ್ಲದ ಜನವರಿ ರಾತ್ರಿಯಲ್ಲಿ ತಗಡು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ಹಬೆ ಅದರ ಒಳಮೈಗೆ ತಾಗಿ ಹನಿಯಾಗಿ, ನಸುಕಿನಲ್ಲಿ ತಟತಟ ಕೋಳಿಯ ಬೆನ್ನಿಗೆ ಬೀಳುತ್ತದೆ. ‘ಮಳೆಯಿಲ್ಲ, ಆದರೂ ಹಾಸು ಒದ್ದೆ’ ಅಂತ ತಲೆ ಕೆಡಿಸಿಕೊಳ್ಳುವವರು ಬೆಳಿಗ್ಗೆ ಐದೂವರೆಗೆ ಹೋಗಿ ತಗಡಿನ ಒಳಮೈ ಸವರಿ ನೋಡಿ, ಅಂಗೈ ಒದ್ದೆಯಾಗುತ್ತದೆ. ತಗಡಿನ ಕೆಳಗೆ ಎರಡಿಂಚು ಬಿಟ್ಟು ಬಿದಿರು ತಟ್ಟಿ ಅಥವಾ ಹೆಣೆದ ತೆಂಗಿನ ಗರಿ ಕಟ್ಟಿದರೆ ಹನಿ ಕೆಳಗೆ ಬೀಳುವುದು ಬಹುಮಟ್ಟಿಗೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಅದೇ ತಂಪು. ಥರ್ಮೊಕೋಲ್ ಹಾಕಬೇಡಿ. ಎಟುಕಿದರೆ ಕುಕ್ಕಿ ಕುಕ್ಕಿ ತಿಂದು ಮುಗಿಸುತ್ತವೆ, ಅದೇನು ರುಚಿಯೋ!

ಹಾಸಲು ಭತ್ತದ ಹೊಟ್ಟು ಒಳ್ಳೆಯದು. 40 ಚದರಡಿಗೆ ನಾಲ್ಕಿಂಚು ದಪ್ಪ ಹರಡಲು ಸುಮಾರು 13 ಘನ ಅಡಿ, ತೂಕದಲ್ಲಿ 35–40 ಕೆ.ಜಿ. ಹೊಟ್ಟು ಬೇಕು. ಮರದ ಸಿಪ್ಪೆ ಆದೀತು, ನುಣ್ಣನೆಯ ಗರಗಸದ ಹುಡಿ ಬೇಡ. ಮರಿಗಳು ತಿನ್ನುತ್ತವೆ, ಒದ್ದೆಯಾದರೆ ಗಟ್ಟಿ ಪದರವಾಗುತ್ತದೆ. ಒಂದು ಹಿಡಿ ಹಾಸು ತೆಗೆದು ಹಿಂಡಿ ನೋಡಿ: ಮುಷ್ಟಿ ಬಿಟ್ಟ ಕೂಡಲೇ ಬಿಡಿಬಿಡಿಯಾಗಿ ಉದುರಿದರೆ ಸರಿ, ರಾಗಿಮುದ್ದೆಯಂತೆ ಉಂಡೆ ನಿಂತರೆ ತೇವ ಜಾಸ್ತಿ. ದಿನಾ ಬೆಳಿಗ್ಗೆ ಒಮ್ಮೆ ಕೆದಕಿ, ನೀರಿನ ಪಾತ್ರೆಯ ಸುತ್ತಲಿನ ಒದ್ದೆ ಹೊಟ್ಟನ್ನು ಎತ್ತಿ ಹೊರಹಾಕಿ. ಪಾತ್ರೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಇಟ್ಟಿಗೆಯ ಮೇಲಿಟ್ಟರೆ ಚೆಲ್ಲುವುದು ಅರ್ಧ ಕಡಿಮೆಯಾಗುತ್ತದೆ.

ಸುಣ್ಣದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಸುಣ್ಣ ತೇವ ಹೀರುತ್ತದೆ ನಿಜ. ಆದರೆ ಅದು ಹಾಸನ್ನು ಕ್ಷಾರವಾಗಿಸುವುದರಿಂದ ಹಿಕ್ಕೆಯಲ್ಲಿ ಸಿಕ್ಕಿಕೊಂಡ ಅಮೋನಿಯ ಭಗ್ಗನೆ ಹೊರಬರುತ್ತದೆ. ರಾತ್ರಿ ಪರದೆ ಏರಿಸುವ ಮುಂಚೆ ಸುಣ್ಣ ಎರಚಿದರೆ ಕೋಳಿಗೆ ಧೂಪ ಹಾಕಿದ ಹಾಗೆ. ಹಾಕಲೇಬೇಕೆಂದರೆ ಬೆಳಿಗ್ಗೆ ಕೋಳಿಗಳನ್ನು ಹೊರಬಿಟ್ಟು, ಬೆರೆಸಿ ಕೆದಕಿ, ಸಂಜೆಯವರೆಗೆ ಗಾಳಿಗೆ ಬಿಡಿ. ಅಮೋನಿಯ ತಡೆಯಲು ಗೊಬ್ಬರದಂಗಡಿಯ ಸೂಪರ್ ಫಾಸ್ಫೇಟ್ ಮೇಲು. ಅದು ಆಮ್ಲ ಗುಣದ್ದು, ಅಮೋನಿಯವನ್ನು ಕಟ್ಟಿಹಾಕುತ್ತದೆ. ಅದನ್ನೂ ಹಾಸಿನೊಳಗೆ ಚೆನ್ನಾಗಿ ಬೆರೆಸಬೇಕು, ಕೋಳಿ ಕುಕ್ಕುವಂತೆ ಮೇಲೆ ಬಿಡಬಾರದು.

ಮರಿಗಳಿಗೆ ಮಾತ್ರ ಅಂಕಿಯೇ ಮುಖ್ಯ

ಮೊಟ್ಟೆಯಿಂದ ಹೊರಬಂದ ಮರಿಗೆ ಇರುವುದು ತುಪ್ಪುಳ, ಪುಕ್ಕವಲ್ಲ. ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಅದಕ್ಕೆ ಬರುವುದಿಲ್ಲ. ಮೊದಲ ವಾರ ಅದರ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಬಹುದು. ಐದನೆಯ ವಾರಕ್ಕೆ 23ಕ್ಕೆ ಬಂದು ನಿಂತಿತು. ಹೊರಗೆ ರಾತ್ರಿ 15 ಇರುವಾಗ ಐದು ವಾರ ಪೂರ್ತಿ, ಆರನೆಯ ವಾರ ರಾತ್ರಿ ಮಾತ್ರ ಕಾವು ಕೊಡಬೇಕಾಗುತ್ತದೆ. ರಸ್ತೆ ಬದಿಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳು ಮನೆಗೆ ತಂದ ಎರಡೇ ದಿನದಲ್ಲಿ ಸಾಯುವುದಕ್ಕೆ ಮುಖ್ಯ ಕಾರಣ ಈ ಕಾವು ಸಿಗದಿರುವುದು. ಬಹುತೇಕ ಅವು ಮೊಟ್ಟೆ ಕೋಳಿ ತಳಿಯ ಗಂಡು ಮರಿಗಳು, ಹ್ಯಾಚರಿಗೆ ಬೇಡವಾದವು. ಮಕ್ಕಳ ಹಟಕ್ಕೆ ತಂದರೆ ಕಾವಿನ ವ್ಯವಸ್ಥೆ ಮಾಡಿಕೊಂಡೇ ತನ್ನಿ.

ಹಳೆಯ ನಿಯಮ ಮರಿಗೆ ಎರಡು ವ್ಯಾಟ್. 25 ಮರಿಗೆ 50 ವ್ಯಾಟ್ ಆಯಿತು, ಡಿಸೆಂಬರ್ ರಾತ್ರಿಗೆ ಅದರ ದುಪ್ಪಟ್ಟು ಇಟ್ಟುಕೊಳ್ಳಿ. 100 ವ್ಯಾಟಿನ ಒಂದು ಬಲ್ಬಿಗಿಂತ 60ರ ಎರಡು ಮೇಲು, ನಡುರಾತ್ರಿ ಒಂದು ಹೋದರೂ ಇನ್ನೊಂದು ಇರುತ್ತದೆ. ಇಲ್ಲಿ ಹೊಸಬರು ಎಡವುವುದು ಎಲ್‌ಇಡಿ ಬಲ್ಬು ಹಾಕಿ. ಬೆಳಕು ಝಗಮಗ, ಕಾವು ಸೊನ್ನೆ. ಬೇಕಿರುವುದು ತಂತಿ ಕೆಂಪಾಗಿ ಉರಿಯುವ ಹಳೇ ಕಾಲದ ಬಲ್ಬು. ಈಗ ಅಂಗಡಿಗಳಲ್ಲಿ ಕಡಿಮೆ, ಮರಿ ತರುವ ಮುಂಚೆಯೇ ಹುಡುಕಿಟ್ಟುಕೊಳ್ಳಿ.

ಮೂರಡಿ ವ್ಯಾಸದ, ಒಂದೂವರೆ ಅಡಿ ಎತ್ತರದ ರಟ್ಟಿನ ಸುತ್ತು ಮಾಡಿ. ಚೌಕ ಪೆಟ್ಟಿಗೆ ಬೇಡ: ಚಳಿಯಾದಾಗ ಮರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಗಟ್ಟುತ್ತವೆ. ಕೆಳಗೆ ಎರಡಿಂಚು ಹೊಟ್ಟು, ಅದರ ಮೇಲೆ ಮೊದಲ ಎರಡು ಮೂರು ದಿನ ಒರಟು ಕಾಗದ. ನುಣುಪು ಕಾಗದ ಹಾಕಿದರೆ ಕಾಲು ಜಾರಿ ಅಗಲವಾಗಿ ಕುಂಟಾಗುತ್ತವೆ. ಬಲ್ಬನ್ನು ಒಂದರಿಂದ ಒಂದೂವರೆ ಅಡಿ ಎತ್ತರದಲ್ಲಿ, ವೈರಿನಲ್ಲಲ್ಲ, ಸರಪಳಿಯಲ್ಲಿ ತೂಗುಹಾಕಿ. ಮರಿ ಬರುವುದಕ್ಕೆ ಮೂರು ನಾಲ್ಕು ಗಂಟೆ ಮೊದಲೇ ಉರಿಸಿ, ಹೊಟ್ಟು ಬಿಸಿಯಾಗಿರಬೇಕು. ತಣ್ಣನೆ ಹೊಟ್ಟಿನ ಮೇಲೆ ಬಿಟ್ಟ ಮರಿ ಹೊಟ್ಟೆಯಿಂದಲೇ ತಣ್ಣಗಾಗುತ್ತದೆ.

ಥರ್ಮಾಮೀಟರಿಗಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪುಗೂಡಿ ಕರ್ಕಶವಾಗಿ ಚೀಂಚೀಂ ಅಂದರೆ ಕಾವು ಸಾಲದು. ಸುತ್ತಿನ ಅಂಚಿಗೆ ಅಂಟಿ ಬಾಯಿ ತೆರೆದರೆ ಕಾವು ಜಾಸ್ತಿ. ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಎದುರು ಪಕ್ಕದಿಂದ ಗಾಳಿ ಕೊರೆಯುತ್ತಿದೆ. ಚೆಲ್ಲಾಪಿಲ್ಲಿಯಾಗಿ ಮಲಗಿ, ನಡುನಡುವೆ ಎದ್ದು ತಿಂದು, ಮೆಲ್ಲಗೆ ಗುಟುರು ಹಾಕುತ್ತಿದ್ದರೆ ನೀವೂ ಹೋಗಿ ಮಲಗಬಹುದು.

ಕರೆಂಟ್ ಹೋದರೆ? ಒಂದು ಲೀಟರಿನ ಸ್ಟೀಲ್ ಬಾಟಲಿ ಎರಡು ಮೂರಕ್ಕೆ ಕೈಗೆ ಬಿಸಿ ತಾಗುವಷ್ಟು ನೀರು ತುಂಬಿ, ಗೋಣಿ ಸುತ್ತಿ ಮಧ್ಯದಲ್ಲಿಟ್ಟು, ಸುತ್ತಿನ ಮೇಲೆ ಮುಕ್ಕಾಲು ಭಾಗ ಮುಚ್ಚುವಂತೆ ರಟ್ಟು ಇಡಿ. ಒಂದೆರಡು ಗಂಟೆ ನಿಭಾಯಿಸುತ್ತದೆ. ಇದ್ದಿಲಿನ ಕೆಂಡದ ಬಾಣಲೆಯನ್ನು ಮುಚ್ಚಿದ ಕೋಣೆಯಲ್ಲಿ ಇಡಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮರಿಗಳಷ್ಟೇ ಅಲ್ಲ, ಪಕ್ಕದಲ್ಲಿ ಮಲಗಿದ ಮನುಷ್ಯರೂ ಏಳುವುದಿಲ್ಲ.

ಹಾದಿಯಲ್ಲೇ ತಣ್ಣಗಾಗುವ ಮರಿಗಳೂ ಇವೆ. ಹೆಸರಘಟ್ಟದಿಂದ ಬೆಳಗಿನ ಜಾವ ಬೈಕಿನ ಮುಂದೆ ತೂತಿನ ರಟ್ಟಿನ ಡಬ್ಬ ಇಟ್ಟುಕೊಂಡು ಬಂದರೆ ಮನೆ ಸೇರುವಷ್ಟರಲ್ಲಿ ಅರ್ಧ ಜೀವ. ಮಧ್ಯಾಹ್ನ ತನ್ನಿ, ಡಬ್ಬ ಬೆನ್ನ ಹಿಂದಿರಲಿ. ಥಂಡಿ ತಗುಲಿದ ಮರಿಗೆ ಎರಡು ಮೂರು ದಿನದಲ್ಲಿ ಹಿಂಭಾಗಕ್ಕೆ ಹಿಕ್ಕೆ ಮೆತ್ತಿ ಒಣಗಿ ದ್ವಾರವೇ ಮುಚ್ಚಿಹೋಗುತ್ತದೆ. ಕೀಳಬೇಡಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ ಬಿಡಿಸಿ, ಒರೆಸಿ ಮತ್ತೆ ಬಲ್ಬಿನಡಿ ಬಿಡಿ. ಎಲ್ಲಕ್ಕಿಂತ ಸುಲಭದ ದಾರಿ ಡಿಸೆಂಬರಿನಲ್ಲಿ ಮರಿ ತರದಿರುವುದು. ಸೆಪ್ಟೆಂಬರಿನಲ್ಲಿ ತಂದ ಮರಿ ಚಳಿ ಹೊತ್ತಿಗೆ ಪುಕ್ಕ ತುಂಬಿಕೊಂಡಿರುತ್ತದೆ, ಫೆಬ್ರವರಿಯಲ್ಲಿ ಹಗಲು ಉದ್ದವಾಗುತ್ತಿರುವಾಗ ಮೊಟ್ಟೆಗೆ ಬರುತ್ತದೆ.

ಮೊಟ್ಟೆ ನಿಂತರೆ, ಜುಟ್ಟು ಕಪ್ಪಾದರೆ

ಚಳಿಗೆ ಮೊಟ್ಟೆ ನಿಂತಿತು ಅನ್ನುವುದು ಅರ್ಧ ಸತ್ಯ. ಕೋಳಿ ಲೆಕ್ಕ ಹಾಕುವುದು ಬೆಳಕನ್ನು. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು 11 ಗಂಟೆ 20 ನಿಮಿಷದ ಆಸುಪಾಸು, ಚೆನ್ನಾಗಿ ಇಡಬೇಕೆಂದರೆ 14 ಗಂಟೆ ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಟೈಮರಿನಲ್ಲಿ ಹೊತ್ತುವ 5–7 ವ್ಯಾಟಿನ ಹಳದಿ ಎಲ್‌ಇಡಿ ಒಂದು ಈ ಗೂಡಿಗೆ ಸಾಕು. ಇಲ್ಲಿ ಎಲ್‌ಇಡಿಯೇ ಸರಿ, ಬೇಕಿರುವುದು ಬೆಳಕು. ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸಿ. ಸಂಜೆಗೆ ಸೇರಿಸಿದರೆ ಬಲ್ಬು ಫಕ್ಕನೆ ಆರಿದಾಗ ಕೋಳಿಗಳು ಗಳ ಹತ್ತದೆ ಕತ್ತಲಲ್ಲಿ ನೆಲದಲ್ಲೇ ಉಳಿಯುತ್ತವೆ. ಇನ್ನೂ ಮೊಟ್ಟೆಗೆ ಬರದ ಎಳೆಯ ಕೋಳಿಗೆ ಬೇಡ. ನಾಟಿ ಕೋಳಿಗೂ ಬೇಡ, ಎರಡು ತಿಂಗಳು ಸುಧಾರಿಸಿಕೊಳ್ಳಲಿ.

ಇದೇ ಹೊತ್ತಿಗೆ ಪುಕ್ಕ ಉದುರಿಸುವ ಹ್ಯಾಟೆ ಮಾತ್ರ ನಿಜವಾಗಿ ಚಳಿ ಅನುಭವಿಸುತ್ತದೆ. ಪುಕ್ಕ ಬಹುಪಾಲು ಪ್ರೋಟೀನ್. ಮೂರು ನಾಲ್ಕು ವಾರ ಸೋಯಾ ಹಿಂಡಿ ಅಥವಾ ಒಣಮೀನಿನ ಪುಡಿ ಸ್ವಲ್ಪ ಹೆಚ್ಚಿಸಿ ಕೊಟ್ಟರೆ ಬೇಗ ಮೈ ತುಂಬುತ್ತದೆ. ಉಳಿದವಕ್ಕೆ ದಿನದ 110–120 ಗ್ರಾಂ ಆಹಾರದ ಜೊತೆ ಸಂಜೆ 10–15 ಗ್ರಾಂ ಒಡೆದ ಜೋಳ ಎರಚಿ, ಅರಗುವಾಗ ಹುಟ್ಟುವ ಬಿಸಿ ರಾತ್ರಿಗೆ ಒದಗುತ್ತದೆ. ಹಿಂಗಾರಿನಲ್ಲಿ ತೇವ ಕುಡಿದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳ ಬೂಷ್ಟು ಹಿಡಿದಿದ್ದರೆ ಒಣಗಿಸಿ ಕೊಡುವ ಆಸೆ ಬೇಡ. ಬಿಸಿಲಿಗೆ ಬೂಷ್ಟು ಸಾಯುತ್ತದೆ, ಅದು ಬಿಟ್ಟ ಅಫ್ಲಟಾಕ್ಸಿನ್ ವಿಷ ಉಳಿಯುತ್ತದೆ.

ಜುಟ್ಟಿನ ಮೇಲೆ ಕಪ್ಪು ಹುರುಪು ಕಂಡರೆ ಅಮೆರಿಕದ ವಿಡಿಯೊಗಳಲ್ಲಿ ಅದು ಹಿಮಗಚ್ಚು, ಅಂದರೆ ಹಿಮಕ್ಕೆ ಸೆಟೆದು ಸತ್ತ ಚರ್ಮ. ಬೆಂಗಳೂರಿನಲ್ಲಿ ಅದು ಬಹುತೇಕ ಕೋಳಿ ಸಿಡುಬು, ಇಲ್ಲವೇ ಜಗಳದ ಗಾಯ. ಹಿಮಗಚ್ಚು ಜುಟ್ಟಿನ ತುದಿಗಳಿಂದ ಶುರುವಾಗುತ್ತದೆ. ಸಿಡುಬಿನ ಗುಳ್ಳೆ ಜುಟ್ಟಿನ ನಡುವೆ, ಕಣ್ಣಿನ ರೆಪ್ಪೆ, ಕೊಕ್ಕಿನ ಮೂಲೆಯಲ್ಲೂ ನರಹುಲಿಯಂತೆ ಏಳುತ್ತದೆ. ಹರಡುವುದು ಸೊಳ್ಳೆಯಿಂದ. ಗೂಡಿನ ಸುತ್ತ ಕುಂಡದ ತಟ್ಟೆ, ಹಳೇ ಟೈರಿನಲ್ಲಿ ನಿಂತ ನೀರು ಚೆಲ್ಲಿ, ಆರನೆಯ ವಾರದ ಹೊತ್ತಿಗೆ ಲಸಿಕೆ ಹಾಕಿಸಿ. ಇಡೀ ಜುಟ್ಟು ನೀಲಿಗಟ್ಟಿದ್ದರೆ ಅದು ಉಸಿರಾಟದ್ದೋ ರಕ್ತಚಲನೆಯದ್ದೋ ತೊಂದರೆ, ಅಂದೇ ವೈದ್ಯರಿಗೆ ತೋರಿಸಬೇಕು.

ರಾಣಿಖೇತ್, ಅಂದರೆ ನಮ್ಮವರು ಹೇಳುವ ಕೊಕ್ಕರೆ ರೋಗಕ್ಕೆ ಔಷಧಿ ಇಲ್ಲ, ಲಸಿಕೆ ಮಾತ್ರ. ಮೊದಲ ವಾರದಲ್ಲಿ ಎಫ್ ಅಥವಾ ಲಸೋಟಾ ಎಂಬ ಲಸಿಕೆಯ ಹನಿ, ಎಂಟನೆಯ ವಾರದಲ್ಲಿ ಆರ್2ಬಿ ಚುಚ್ಚುಮದ್ದು. ಮೂಗು ಸೋರಿ, ಮುಖ ಊದಿ, ರಾತ್ರಿ ಗೊರಗೊರ ಸದ್ದು ಮಾಡುವ ಕೋಳಿಯನ್ನು ತಕ್ಷಣ ಬೇರೆ ಇಡಿ. ಔಷಧಿ ಅಂಗಡಿಯವರು ಕೊಟ್ಟ ಆ್ಯಂಟಿಬಯಾಟಿಕ್ ಪುಡಿಯನ್ನು ಎಲ್ಲಕ್ಕೂ ನೀರಿಗೆ ಬೆರೆಸಿ ಕುಡಿಸುವ ಮುಂಚೆ ಹಾಸು, ವಾಸನೆ, ಪರದೆ ಮೂರನ್ನೂ ನೋಡಿ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುವುದೇ ತಡ, ಪರದೆಯನ್ನು ಪೂರ್ತಿ ಬಿಚ್ಚಿ, ತೊಳೆದು, ಎರಡು ದಿನ ಬಿಸಿಲಿಗೆ ಹಾಕಿ ಮಡಚಿಡಿ. ಗೋಣಿಯ ಮಡಿಕೆಗಳಲ್ಲಿ ಕೆಂಪು ನುಸಿ ಅಡಗಿರುತ್ತದೆ, ಒಗೆಯದೆ ಅಟ್ಟಕ್ಕೆ ಎಸೆದರೆ ಮುಂದಿನ ಕಾರ್ತಿಕಕ್ಕೆ ನುಸಿಯ ಸಮೇತ ಕಟ್ಟುತ್ತೀರಿ. ನಾಲ್ಕಿಂಚಿನ ಹಾಸನ್ನು ಎರಡಿಂಚಿಗೆ ಇಳಿಸಿ. ಎತ್ತಿದ ಹೊಟ್ಟನ್ನು ಮೂರು ತಿಂಗಳು ಕೊಳೆಸಿಯೇ ಗಿಡಕ್ಕೆ ಹಾಕಿ, ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ.